ಬಂಡೆ ಕುಡಿದ ನೀರು

ಹಂದಿಗೂಡಿನ ಗಲೀಜು ಹೊರುವ ಕೆಲಸ ಚಲುವಮ್ಮನದು. ತಿತಿಮತಿಯಿಂದಾಚೆ, ಕಾಡಿನ ಅಂಚಿಗಿದ್ದ ಉತ್ತಯ್ಯನವರ ಕಾಫಿ ಎಸ್ಟೇಟಿನಲ್ಲಿ ಆ ಕೆಲಸವನ್ನು ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಗಂಡ ಸತ್ತವಳು, ಪಿರಿಯಾಪಟ್ಟಣದ ಕಡೆಯ ಹೊಲಗೇರಿಯಿಂದ ಬಂದವಳು ಎಂದು ತಿಳಿದ ದಿನವೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೊಳ್ಳಪ್ಪ ಅವಳ ಕೈಗೆ ಸೀಮೆಎಣ್ಣೆ ಡಬ್ಬ ಕೊಟ್ಟಿದ್ದ.

"ಹಣ್ಣು ಕೀಳುವ ಪಿಕಿಂಗಿಗೆ ಜನ ಉಂಟು. ನೀನು ಹಂದಿಗೂಡಿಗೆ ಹೋಗು" ಅಂದಿದ್ದ.

ಯಾಕೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಗೂಡಿನಲ್ಲಿದ್ದವು ಬಿಳಿ ಸೀಮೆಹಂದಿಗಳು. ಉತ್ತಯ್ಯ ಅವನ್ನು ಎಲ್ಲಿಂದಲೋ ಲಾರಿಯಲ್ಲಿ ತರಿಸಿದ್ದರು. ಬೆಳಗ್ಗೆ ಅವಕ್ಕೆ ತೌಡು ಕಲಸಬೇಕು. ತೌಡಿಗೆ ತಗಡಿನ ಡ್ರಮ್ಮಿನಿಂದ ಹಳದಿ ಪುಡಿ ಹಾಕಬೇಕು. ಅದು ಮದ್ದು. ತಿಂದರೆ ಹಂದಿಗೆ ಬೇನೆ ಬರುವುದಿಲ್ಲ, ಬೇಗ ಕೊಬ್ಬುತ್ತವೆ ಎಂದು ಬೊಳ್ಳಪ್ಪ ಹೇಳಿದ್ದ. ಕಲಸಿ ಕಲಸಿ ಚಲುವಮ್ಮನ ಬೆರಳ ಸಂದಿಗಳು ಹಳದಿಯಾಗಿದ್ದವು. ಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅವಳು ಉಣ್ಣುತ್ತಿದ್ದಳು. ಮುದ್ದೆ ಕಹಿಯಾಗುತ್ತಿತ್ತು.

ಆಮೇಲೆ ಗೂಡು ತೊಳೆಯಬೇಕು. ತೊಳೆದ ನೀರು, ಹೇಲು, ಉಚ್ಚೆ ಎಲ್ಲ ಒಂದು ಗುಂಡಿಗೆ ಬಂದು ನಿಲ್ಲುತ್ತಿತ್ತು. ಗುಂಡಿಯಿಂದ ಡಬ್ಬದಲ್ಲಿ ಮೊಗೆದು ತಲೆಯ ಮೇಲೆ ಹೊತ್ತು ಗುಡ್ಡದಾಚೆಯ ಪಾಳು ಜಾಗಕ್ಕೆ ಸುರಿಯಬೇಕು. ಡಬ್ಬದ ತಳ ತುಕ್ಕು ಹಿಡಿದಿತ್ತು. ಸೋರುತ್ತಿತ್ತು. ಸಿಂಬಿ ನೆನೆದು, ಕೂದಲು ನೆನೆದು, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಸೊಂಟಕ್ಕೆ ಇಳಿಯುತ್ತಿತ್ತು. ನೆತ್ತಿಯ ಮೇಲೆ ಕೂದಲು ಉದುರಿ ಹುಣ್ಣಾಗಿತ್ತು. ಸಂತೆಯಲ್ಲಿ ಅಂಗಡಿಯವನು ಎಲೆಅಡಿಕೆಯನ್ನು ಕೈಗೆ ಕೊಡದೆ ನೆಲದ ಮೇಲೆ ಇಡುತ್ತಿದ್ದ. ಅದು ಅವಳಿಗೆ ಊರಿನಲ್ಲೂ ರೂಢಿ. ಆದರೆ ಇಲ್ಲಿ ಅವಳಿದ್ದ ಕೂಲಿಮನೆಗಳ ಸಾಲಿನ, ಅವಳ ಲೈನಿನ ಹೆಂಗಸರೇ ಅವಳು ಬಂದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಅದು ಹೆಚ್ಚು ನೋಯಿಸುತ್ತಿತ್ತು.

ಒಂದು ಮಳೆಗಾಲದ ಬೆಳಗ್ಗೆ ಬಂಡೆಯ ಮೇಲೆ ಕಾಲು ಜಾರಿತು. ಗೂಡಿಗೂ ಗುಡ್ಡಕ್ಕೂ ನಡುವೆ ಆನೆಯ ಬೆನ್ನಿನಂತೆ ಹರಡಿದ್ದ ಕರಿಬಂಡೆ ಅದು. ಚಲುವಮ್ಮ ಬಿದ್ದಳು. ಡಬ್ಬ ಉರುಳಿತು. ಮೊಣಕಾಲು ತರಚಿ ರಕ್ತ ಬಂತು. ಬೊಳ್ಳಪ್ಪ ನೋಡಿದರೆ ಬೈಯುತ್ತಾನೆಂದು ಅವಳು ಬೇಗ ಎದ್ದು ಗಲೀಜನ್ನು ಬಳಿಯಲು ಹೋದಳು. ಗಲೀಜು ಅಲ್ಲಿರಲಿಲ್ಲ. ಬಂಡೆಯಲ್ಲಿ ಒಂದು ಬಿರುಕಿತ್ತು. ಅಂಗೈ ಅಡ್ಡ ಹಿಡಿದರೆ ಹೋಗುವಷ್ಟು. ಡಬ್ಬದ ನೀರೆಲ್ಲ ಅದರೊಳಗೆ ಇಳಿದುಹೋಗಿತ್ತು. ಅವಳು ಕಿವಿಯಿಟ್ಟು ಕೇಳಿದಳು. ಕೆಳಗೆ ಎಲ್ಲೋ ಗಳಗಳ ಸದ್ದು.

ಅವಳು ಮತ್ತೊಂದು ಡಬ್ಬ ತಂದು ಸುರಿದಳು. ಅದೂ ಹೋಯಿತು.

ಅಂದಿನಿಂದ ಚಲುವಮ್ಮ ಗುಡ್ಡ ಹತ್ತಲಿಲ್ಲ. ಎಷ್ಟು ಸುರಿದರೂ ಬಿರುಕು ತುಂಬಲಿಲ್ಲ, ಉಕ್ಕಲಿಲ್ಲ. ಬೊಳ್ಳಪ್ಪ ಒಂದು ದಿನ ಹಿಂದಿನಿಂದ ಬಂದು ನೋಡಿದ. ಅವಳು ಡಬ್ಬ ಕೆಳಗಿಟ್ಟು ಮುದುರಿ ನಿಂತಳು. ಅವನು ಬೈಯಲಿಲ್ಲ. ನಕ್ಕ.

"ಎಂತ ಮಾರಾಯ್ತಿ, ತಲೆ ಉಂಟಲ್ಲ ನಿಂಗೆ!" ಅಂದ.

ಅವನು ಉತ್ತಯ್ಯನವರಿಗೆ ಹೇಳಿದ. ಉತ್ತಯ್ಯ ಬಂದು ಕೋಲಿನಿಂದ ಬಿರುಕನ್ನು ತಿವಿದು ನೋಡಿದರು. ವಾರದೊಳಗೆ ಗುಂಡಿಯಿಂದ ಬಿರುಕಿನವರೆಗೆ ಕಾಲುವೆ ಕಡಿಸಿದರು. ಇನ್ನು ಹೊರುವುದೇ ಇಲ್ಲ. ಪೊರಕೆಯಲ್ಲಿ ತಳ್ಳಿದರೆ ಸಾಕು. ಮಳೆಗೆ ನೆನೆದು ಗಟ್ಟಿಯಾದ ಹಳದಿ ಪುಡಿಯ ಡ್ರಮ್ಮುಗಳನ್ನೂ ಬೊಳ್ಳಪ್ಪ ಅಲ್ಲಿಗೇ ಸುರಿಸಿದ. ಚಲುವಮ್ಮನೇ ಕೋಲಿನಿಂದ ಉಂಡೆಗಳನ್ನು ಒಡೆದು ಒಳಗೆ ನೂಕಿದಳು. ನೆತ್ತಿಯ ಹುಣ್ಣು ಒಣಗಿತು. ಕೂದಲು ಬರತೊಡಗಿತು. ಅವಳು ಮೈ ತೊಳೆದುಕೊಂಡು ತಂಗಿಯ ಮನೆಯ ಜಗುಲಿಯಲ್ಲಿ ಕೂರುವಂತಾದಳು. ತಂಗಿಯ ಮಗು ಸಣ್ಣಿ ಓಡಿ ಬಂದು ಅವಳ ತೊಡೆಯ ಮೇಲೆ ಹತ್ತುತ್ತಿತ್ತು. ಮೊದಲು ಮಗು ವಾಸನೆಗೆ ಹತ್ತಿರ ಬರುತ್ತಿರಲಿಲ್ಲ.

ತಂಗಿಯ ಹೆಸರು ಪಾಪ. ಅಕ್ಕನ ಹಿಂದೆಯೇ ಗಂಡನ ಜೊತೆ ಎಸ್ಟೇಟಿಗೆ ಬಂದವಳು. ಕಳೆ ಕೀಳಲು, ಹಣ್ಣು ಕೀಳಲು ಹೋಗುತ್ತಿದ್ದಳು. ಅವರೆಲ್ಲ ಇದ್ದದ್ದು ಕೆಳಗಿನ ಲೈನಿನಲ್ಲಿ. ಮೇಲುಜಾತಿಯ ಕೂಲಿಗಳಿದ್ದ ಮೇಲಿನ ಲೈನಿಗೆ, ರೈಟರ ಮನೆಗೆ, ಬಂಗಲೆಗೆ ಗುಡ್ಡದ ಒರತೆಯಿಂದ ಪೈಪಿನ ನೀರು ಬರುತ್ತಿತ್ತು. ಆ ನಲ್ಲಿಯನ್ನು ಕೆಳಗಿನ ಲೈನಿನವರು ಮುಟ್ಟುವಂತಿರಲಿಲ್ಲ. ಅವರಿಗೆ ಒಂದು ಬಾವಿ. ಬಂಡೆ ಇಳಿದು ಮುಗಿಯುವ ಕಡೆ, ಲೈನಿನ ಹಿಂದೆ, ಕಲ್ಲು ಸೀಳಿ ತೋಡಿದ ಬಾವಿ. ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಕಲ್ಲಿನ ಸಂದಿಯಿಂದ ನೀರು ಜಿನುಗುತ್ತಲೇ ಇರುತ್ತಿತ್ತು.

ಆ ವರ್ಷ ಮಳೆ ನಿಂತ ಮೇಲೆ ಬೊಳ್ಳಪ್ಪ ಗೂಡಿಗೆ ಫಿನಾಯಿಲ್ ತರಿಸಿದ. ನೊಣ ಹೆಚ್ಚಾಗಿತ್ತು. ಚಲುವಮ್ಮ ಫಿನಾಯಿಲ್ ಹಾಕಿ ತೊಳೆದು ಕಾಲುವೆಗೆ ತಳ್ಳಿದಳು. ಸ್ವಲ್ಪ ದಿನಕ್ಕೆ ಬಾವಿಕಟ್ಟೆಯಲ್ಲಿ ಮಹಾದೇವಮ್ಮ ಕೊಡ ಇಳಿಸಿ ನೀರನ್ನು ಮೂಸಿದಳು. ಲೈನಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು.

"ಇದೇನ್ರವ್ವ, ನೀರು ಹಂದಿಗೂಡಿನ ನಾತ ಒಡೀತದೆ?"

ಹೆಂಗಸರು ಒಬ್ಬೊಬ್ಬರಾಗಿ ಮೂಸಿದರು. ಪಾಪ ಅಕ್ಕನ ಕಡೆ ತಿರುಗಿದಳು.

"ಅಕ್ಕ, ನೀ ನೋಡು. ನಿಂಗೆ ಗೊತ್ತಾಯ್ತದೆ."

ಚಲುವಮ್ಮ ಮೂಸಿದಳು. ಫಿನಾಯಿಲ್. ಅದರಡಿಯಲ್ಲಿ ಇನ್ನೊಂದು ವಾಸನೆ. ದಿನವೂ ಅವಳ ಬೆನ್ನಿನ ಮೇಲೆ ಇಳಿಯುತ್ತಿದ್ದ ವಾಸನೆ. ಬಂಡೆಯೊಳಗಿನ ಗಳಗಳ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು. ಹೇಳಿದರೆ ಕಾಲುವೆ ಮುಚ್ಚುತ್ತಾರೆ. ಮುಚ್ಚಿದರೆ ಡಬ್ಬ ಮತ್ತೆ ತಲೆಗೆ ಬರುತ್ತದೆ. ಹುಣ್ಣು ಬರುತ್ತದೆ. ಸಣ್ಣಿ ದೂರ ಹೋಗುತ್ತದೆ.

"ಎಲೆ ಬಿದ್ದು ಕೊಳೆತದೆ ಕಣವ್ವಾ" ಅಂದಳು. "ನೀರಿಗೇನಾಗದೆ?"

ಕೊಡ ಎತ್ತಿ ಎಲ್ಲರೆದುರು ಗಟಗಟ ಕುಡಿದಳು. ಬಾಯಿ ಒರೆಸಿಕೊಂಡಳು.

"ನೋಡಿ. ಸತ್ನಾ ನಾನು?"

ಹೆಂಗಸರು ನಕ್ಕರು. ಪಾಪ ಕೊಡ ತುಂಬಿಕೊಂಡು ಹೋದಳು.

ಹಣ್ಣು ಕೆಂಪಾಗುವ ಹೊತ್ತಿಗೆ ಲೈನಿನ ಮಕ್ಕಳಿಗೆ ಭೇದಿ ಹಿಡಿಯಿತು. ಮೊದಲು ಹೊಟ್ಟೆನೋವು, ಜ್ವರ. ಆಮೇಲೆ ರಕ್ತ. ಸಣ್ಣಿಗೂ ಬಂತು. ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಬೊಳ್ಳಪ್ಪ ಕೆಂಪು ನೀರಿನ ಸೀಸೆ ಕೊಟ್ಟ. ಅದರಿಂದ ಏನೂ ಆಗಲಿಲ್ಲ. ಮಗು ಬಿಳಿಚಿಕೊಂಡು ಕಣ್ಣು ಒಳಗೆ ಹೋದಾಗ ಪಾಪ, ಚಲುವಮ್ಮ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಮರ ಸಾಗಿಸುವ ಲಾರಿ ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದರು. ಪಾಪನ ಗಂಡ ಕಾಡಿನ ಕೂಪಿಗೆ ಮರ ಕಡಿಯಲು ಹೋಗಿದ್ದವನು ಬಂದಿರಲಿಲ್ಲ.

ಡಾಕ್ಟರು ಜನಾರ್ದನ ಮಡಿಕೇರಿಯ ಕಡೆಯ ಬ್ರಾಹ್ಮಣರು. ಕನ್ನಡಕ ಹಾಕಿದ, ಎಳೆ ವಯಸ್ಸಿನವರು. ಮಗುವನ್ನು ಮುಟ್ಟಿ ನೋಡಿದರು. ಮುಟ್ಟಿದರು ಎಂಬುದನ್ನೇ ಪಾಪ ಆಶ್ಚರ್ಯದಿಂದ ನೋಡಿದಳು.

"ಒಳ್ಳೆ ಮದ್ದಿದೆ. ಭಯ ಬೇಡ. ಎರಡು ದಿನದಲ್ಲಿ ನಿಲ್ಲುತ್ತೆ" ಅಂದರು.

ನರ್ಸಮ್ಮ ಒಂದು ಕ್ಯಾಪ್ಸೂಲ್ ತಂದಳು. ಮಗು ನುಂಗಲಾರದೆಂದು ಅದನ್ನು ಬಿಡಿಸಿ ಚಮಚದಲ್ಲಿ ಪುಡಿ ಸುರಿದಳು. ಜೇನು ಬೆರೆಸಿ ಬಾಯಿಗೆ ಹಾಕಿದಳು. ಮಗು ಮುಖ ಸಿಂಡರಿಸಿತು. ತುಟಿಯ ಅಂಚಿನಲ್ಲಿ ಹಳದಿ ಇಳಿಯಿತು. ಚಲುವಮ್ಮ ಬೆರಳಿನಿಂದ ಒರೆಸಿದಳು. ಬೆರಳನ್ನು ನಾಲಿಗೆಗೆ ಇಟ್ಟಳು.

ಅದೇ ಕಹಿ.

ಇದೇ ಮದ್ದಾದರೆ ಒಳ್ಳೆಯದೇ ಆಯಿತು, ಹಂದಿಗಳು ಎಷ್ಟು ಚೆನ್ನಾಗಿವೆ ಎಂದುಕೊಂಡಳು. ಹಾಗೆ ಅಂದುಕೊಂಡು ಗೋಡೆಗೆ ಒರಗಿ ಕುಳಿತಳು.

ಎರಡು ದಿನವಾದರೂ ನಿಲ್ಲಲಿಲ್ಲ. ಡಾಕ್ಟರು ಮದ್ದು ಹೆಚ್ಚಿಸಿದರು. ಆಗಲೂ ನಿಲ್ಲಲಿಲ್ಲ. ಅವರ ಮುಖದಲ್ಲಿದ್ದ ಧೈರ್ಯ ಹೋಯಿತು. ಕೈಗೆ ಸೂಜಿ ಚುಚ್ಚಿ ಸೀಸೆಯ ನೀರು ಹತ್ತಿಸಿದರು. ಮಡಿಕೇರಿಯಿಂದ ಬೇರೆ ಮದ್ದು ತರಲು ಆಳನ್ನು ಬಸ್ಸಿಗೆ ಹತ್ತಿಸಿದರು.

"ಇದೇ ಮದ್ದು ಬೇರೆ ಕಡೆ ಮಕ್ಕಳಿಗೆ ಕೊಟ್ಟಿದ್ದೀನಿ. ಬದುಕಿದಾರೆ. ನಿಮ್ಮ ಲೈನಿಂದ ಬಂದ ಈ ಮಗೂಗೆ ನಾಟ್ತಾನೇ ಇಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಈ ಕ್ರಿಮಿಗಳು ಈ ಮದ್ದನ್ನ ಮೊದಲೇ ಎಲ್ಲೋ ಕಂಡಿರೋ ಹಾಗಿದೆ."

ಚಲುವಮ್ಮ ಎದ್ದು ಅವರ ಹಿಂದೆ ಹೋದಳು. ವರಾಂಡದಲ್ಲಿ ನಿಲ್ಲಿಸಿದಳು.

"ಬುದ್ಧಿ, ಆ ಮದ್ದು ನಾ ಕಂಡೀನಿ. ದಿನಾ ಹಂದಿಗೆ ಹಾಕ್ತೀನಿ."

ಡಾಕ್ಟರು ನಿಂತರು. ಒಂದೊಂದೇ ಕೇಳಿದರು. ಪುಡಿ, ಗುಂಡಿ, ಕಾಲುವೆ, ಬಂಡೆ, ಬಾವಿ. ಅವಳು ಎಲ್ಲ ಹೇಳಿದಳು. ಫಿನಾಯಿಲ್ ವಾಸನೆಯನ್ನೂ ಹೇಳಿದಳು. ತಾನು ಕುಡಿದು ತೋರಿಸಿದ್ದನ್ನು ಮಾತ್ರ ಹೇಳಲಿಲ್ಲ.

"ಹಂದಿ ತಿಂದ ಮದ್ದೆಲ್ಲ ಅದರ ಮೈಗೆ ಸೇರಲ್ಲ" ಅಂದರು ಡಾಕ್ಟರು. "ತುಂಬಾ ಭಾಗ ಹಾಗೇ ಹೊರಗೆ ಬರುತ್ತೆ. ಮಣ್ಣಿಗೆ ಬಿದ್ದಿದ್ರೆ ಮಣ್ಣು ಸ್ವಲ್ಪನಾದ್ರೂ ಹಿಡಿದಿಟ್ಟುಕೊಳ್ತಿತ್ತು. ಬಂಡೆ ಬಿರುಕು ಏನನ್ನೂ ಸೋಸಲ್ಲ. ಒಳಗೆ ಬಿರುಕಿಗೆ ಬಿರುಕು ಸೇರಿರುತ್ತೆ. ಮೇಲೆ ಹಾಕಿದ್ದು ಕೆಳಗಿನ ಬಾವಿಗೆ ಬರುತ್ತೆ. ಗಲೀಜಿನ ಕ್ರಿಮಿ ಬಂತು, ಮದ್ದೂ ಬಂತು. ಸಾಯೋವಷ್ಟಲ್ಲ, ಸ್ವಲ್ಪ ಸ್ವಲ್ಪ. ಸ್ವಲ್ಪ ಮದ್ದಿಗೆ ಕ್ರಿಮಿ ಸಾಯಲ್ಲಮ್ಮ. ಪಳಗುತ್ತೆ."

"ನಾನೇ ಆ ಬಿರುಕ ತೋರಿಸ್ದೋಳು ಬುದ್ಧಿ."

ಡಾಕ್ಟರು ಅವಳನ್ನು ನೋಡಿದರು. ಅಷ್ಟರಲ್ಲಿ ಒಳಗಿನಿಂದ ಪಾಪ ಕೂಗಿದಳು.

ಮಡಿಕೇರಿಯಿಂದ ಮದ್ದು ಬರುವ ಮೊದಲೇ ಸಣ್ಣಿ ಹೋಯಿತು.

ಹೆಣವನ್ನು ತಿರುಗಿ ತರಲು ಯಾವ ಲಾರಿಯೂ ನಿಲ್ಲಿಸಲಿಲ್ಲ. ಇಬ್ಬರೂ ನಡೆದರು. ಪಾಪನ ಕೈ ಸೋತಾಗ ಚಲುವಮ್ಮ ಕೇಳಿದಳು, "ಕೊಡವ್ವಾ, ವಸಿ ದೂರ ನಾ ಎತ್ಕತೀನಿ." ಪಾಪ ಕೊಟ್ಟಳು. ಮಗು ಹಗುರವಾಗಿತ್ತು. ಚಲುವಮ್ಮನಿಗೆ ಹೆಜ್ಜೆ ಎತ್ತಲಾಗಲಿಲ್ಲ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ದಾರಿ ಮುಗಿಯಿತು. ಹೇಳಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ಉತ್ತಯ್ಯ ಲೈನಿಗೆ ಬಂದರು. ಅವರು ಅಲ್ಲಿಗೆ ಬರುವುದು ಅಪರೂಪ. ಮೂಗಿಗೆ ಕರ್ಚೀಫು ಹಿಡಿದಿದ್ದರು. ಇನ್ನೂ ಮೂರು ಮನೆಗಳಲ್ಲಿ ಮಕ್ಕಳು ಮಲಗಿದ್ದವು. ಪಿಕಿಂಗ್ ನಿಂತಿತ್ತು. ಬೊಳ್ಳಪ್ಪ ಹಿಂದೆ ಬ್ಲೀಚಿಂಗ್ ಪುಡಿಯ ಚೀಲ ಹೊರಿಸಿಕೊಂಡು ಬಂದಿದ್ದ.

"ಎಲ್ಲರೂ ಹೊರಗೆ ಬನ್ನಿ" ಎಂದು ಬೊಳ್ಳಪ್ಪ ಕೂಗಿದ.

ಬಂದು ನಿಂತರು. ಅವನು ಮನೆಯೊಳಗೆ ಹೊಕ್ಕು ಗಡಿಗೆ, ಚಾಪೆ, ಹಳೆಬಟ್ಟೆ ಎಲ್ಲ ಹೊರಗೆಸೆಸಿದ. ಪಾಪನ ಮನೆಯಿಂದ ಮಗುವಿನ ಕೌದಿಯೂ ಹೊರಬಿತ್ತು. ಪಾಪ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. "ಮುಟ್ಟಬೇಡ, ಸುಡಬೇಕು ಅದನ್ನ" ಎಂದ ಬೊಳ್ಳಪ್ಪ. ಅವಳು ಎತ್ತಿಕೊಂಡು ಎದೆಗೆ ಒತ್ತಿ ಹಿಡಿದಳು.

ಉತ್ತಯ್ಯ ಹೇಳಿದರು:

"ನಿಮಗೆ ಎಷ್ಟು ಸಲ ಹೇಳುದು? ಬಾವಿ ಹತ್ತಿರ ಬಟ್ಟೆ ತೊಳೀತೀರಿ. ಮಕ್ಕಳನ್ನು ಅಲ್ಲೇ ಕೂರಿಸ್ತೀರಿ. ಕಾಯಿಲೆ ಬರದೆ ಇನ್ನೇನು? ನನ್ನ ಹಂದಿಗಳು ನಿಮಗಿಂತ ಕ್ಲೀನಾಗಿ ಉಂಟು."

ಗಂಡಸರು ನೆಲ ನೋಡಿದರು. ಮಹಾದೇವಮ್ಮ ಕೈಮುಗಿದು ನಿಂತಿದ್ದಳು. ಅವಳ ಮೊಮ್ಮಗ ಒಳಗೆ ನರಳುತ್ತಿದ್ದ. ಆ ಮುದುಕಿ "ತಪ್ಪಾಯ್ತು ಬುದ್ಧಿ" ಅಂದಳು.

ಆ ಮಾತು ಚಲುವಮ್ಮನಿಗೆ ತಡೆಯಲಾಗಲಿಲ್ಲ.

"ಅವಳ್ಯಾಕೆ ತಪ್ಪಾಯ್ತು ಅನ್ನಬೇಕು?" ಎಂದು ಮುಂದೆ ಬಂದಳು. "ತಪ್ಪು ನಂದು. ಹಂದಿ ಗಲೀಜು ಬಾವಿಗೆ ಬತ್ತಾ ಅದೆ. ಬಂಡೆ ಬಿರುಕಿಗೆ ಸುರಿದೋಳು ನಾನು. ಹಳದಿ ಪುಡಿ ಒಡೆದು ನೂಕಿದೋಳು ನಾನು. ನೀರು ನಾತ ಒಡೆದಾಗ ನಂಗೆ ಗೊತ್ತಾಯ್ತು. ಗೊತ್ತಾದ್ರೂ ಕುಡಿದು ತೋರಿಸ್ದೆ. ಆ ಡಬ್ಬ ಮತ್ತೆ ತಲೆಗೆ ಬತ್ತದೆ ಅಂತ ಬಾಯಿ ಮುಚ್ಕಂಡೆ."

ಚಲುವಮ್ಮ ತಂಗಿಯ ಕಡೆ ನೋಡಲಿಲ್ಲ.

ಉತ್ತಯ್ಯ ಕರ್ಚೀಫು ತೆಗೆದರು.

"ಕೇಳಿದಿರಲ್ಲ? ಅವಳೇ ಒಪ್ಪಿಕೊಂಡಳು. ಗುಡ್ಡದಾಚೆ ಹಾಕು ಅಂತ ಹೇಳಿದ್ದು ನಾನು. ಮೈಗಳ್ಳತನಕ್ಕೆ ನಿಮ್ಮ ಬಾವಿಗೇ ಹಾಕಿದಾಳೆ. ಬೊಳ್ಳಪ್ಪ, ಇವತ್ತೇ ಇವಳನ್ನ ಎಸ್ಟೇಟಿಂದ ಹೊರಗೆ ಹಾಕು."

ಚಲುವಮ್ಮನಿಗೆ ಒಂದು ಗಳಿಗೆ ಅದು ಸರಿಯೆಂದೇ ಕಂಡಿತು. ಹೋಗಬೇಕು. ಇಲ್ಲಿರಲು ತನಗೆ ಮುಖವಿಲ್ಲ. ಆದರೆ ಕಾಲು ಕದಲಲಿಲ್ಲ. ಆ ಕಾಲುವೆಯನ್ನು ಗುದ್ದಲಿ ಹಿಡಿದು ಕಡಿದವರು ಇದೇ ಲೈನಿನ ಗಂಡಸರು. ಕೋಲು ಹಿಡಿದು ನಿಂತು ಕಡಿಸಿದವರು ಇವರು.

"ಸುರಿದೋಳು ನಾನೇ ಬುದ್ಧಿ" ಅಂದಳು. "ಕಾಲುವೆ ಕಡಿಸ್ದೋರು ಯಾರು? ಕೆಟ್ಟೋದ ಡ್ರಮ್ಮು ಅಲ್ಲಿಗಾಕು ಅಂದೋರು ಯಾರು? ಮೇಲಿನ ನಲ್ಲಿ ನಾವು ಮುಟ್ಟಬಾರ್ದು ಅಂದೋರು ಯಾರು? ನಾ ಮಾಡಿದ್ದ ನಾ ಏಳ್ದೆ. ನೀವು ಮಾಡಿದ್ದ ನೀವೇಳಿ."

"ಬಾಯಿ ಮುಚ್ಚು!" ಎಂದು ಬೊಳ್ಳಪ್ಪ ಅವಳ ರಟ್ಟೆ ಹಿಡಿದ.

ಆಗ ಪಾಪ ಬಂದಳು. ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ಬೊಳ್ಳಪ್ಪನ ಕೈಯನ್ನು ಕಿತ್ತು ಬಿಸಾಡಿದಳು. ಅಕ್ಕನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಚಲುವಮ್ಮ ಮುಖ ಸರಿಸಲಿಲ್ಲ. ತುಟಿ ಒಡೆಯಿತು. ಪಾಪ ಏದುತ್ತಾ ಉತ್ತಯ್ಯನವರ ಕಡೆ ತಿರುಗಿದಳು.

"ಇವಳು ನನ್ನಕ್ಕ. ಇವಳಿಗೆ ನಾ ಒಡ್ದೆ. ನಿಮಗೆ ಯಾರು ಒಡೀತಾರೆ?"

ಉತ್ತಯ್ಯನವರನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಇವಳು ಎಲ್ಲಿಗೂ ಓಗಾಕಿಲ್ಲ" ಅಂದಳು ಪಾಪ. "ಇಲ್ಲೇ ಇರ್ಲಿ. ದಿನಾ ನನ್ನ ಮಕ ನೋಡ್ಲಿ. ಇವಳ ಓಡಿಸಿ ನೀವು ಕೈ ತೊಳ್ಕಳಂಗಿಲ್ಲ."

ಹೇಳಿ ಅವಳು ಮನೆಯ ಮುಂದೆ ಬಿದ್ದಿದ್ದ ಕೊಡವನ್ನು ಎತ್ತಿಕೊಂಡಳು. ಗುಡ್ಡದ ದಾರಿ ಹಿಡಿದಳು. ಮಹಾದೇವಮ್ಮ ಮುಗಿದ ಕೈ ಬಿಟ್ಟು ತನ್ನ ಗಡಿಗೆ ಹುಡುಕಿಕೊಂಡಳು. ಹೆಂಗಸರೆಲ್ಲ ಪಾಪನ ಹಿಂದೆ ಹೋದರು. ಮೇಲಿನ ಲೈನಿನವರು ಬಾಗಿಲಿಗೆ ಬಂದು ನಿಂತು ನೋಡಿದರು. ಒಬ್ಬ ದೊಣ್ಣೆ ತರಲು ಒಳಗೆ ಹೋದ. ಪಾಪ ನಲ್ಲಿ ತಿರುಗಿಸಿದಳು. ದೊಣ್ಣೆ ತಂದವನು ಅವಳ ಕಂಕುಳಲ್ಲಿದ್ದ ಸಣ್ಣ ಕೌದಿ ನೋಡಿ ಅಲ್ಲೇ ನಿಂತ.

ಚಲುವಮ್ಮ ಹೋಗಲಿಲ್ಲ. ಲೈನಿನ ಮುಂದೆ ಒಬ್ಬಳೇ ಕುಳಿತಿದ್ದಳು. ತುಟಿಯ ರಕ್ತ ಒರೆಸಿಕೊಳ್ಳಲಿಲ್ಲ.

ಮಾರನೆಯ ದಿನ ಕೆಳಗಿನ ಲೈನಿನಿಂದ ಯಾರೂ ಪಿಕಿಂಗಿಗೆ ಹೋಗಲಿಲ್ಲ. ಚಲುವಮ್ಮ ಗೂಡಿಗೆ ಹೋಗಲಿಲ್ಲ. ಬೊಳ್ಳಪ್ಪ ಬಂದು ಬೆದರಿಸಿದ. ಆಮೇಲೆ ಬೇಡಿಕೊಂಡ. ಗೂಡು ತೊಳೆಯಲು ಮೇಲಿನ ಲೈನಿನವರು ಒಪ್ಪಲಿಲ್ಲ. ಅದು ತಮ್ಮ ಕೆಲಸವಲ್ಲ ಅಂದರು. ಹಂದಿಗಳು ತಮ್ಮ ಗಲೀಜಿನಲ್ಲೇ ನಿಂತು ಕಿರುಚಿದವು. ಬೊಳ್ಳಪ್ಪನೇ ಪಂಚೆ ಎತ್ತಿ ಕಟ್ಟಿ ಇಳಿಯಬೇಕಾಯಿತು. ಹಣ್ಣು ಗಿಡದಲ್ಲೇ ಒಣಗಿ ಉದುರತೊಡಗಿತು. ಡಾಕ್ಟರು ಜನಾರ್ದನ ಒಂದು ದಿನ ಜೀಪಿನಲ್ಲಿ ಬಂದು, ಉಳಿದ ಮಕ್ಕಳಿಗೆ ಬೇರೆ ಮದ್ದು ಕೊಟ್ಟು, ಬಂಡೆಯನ್ನೂ ಬಾವಿಯನ್ನೂ ನೋಡಿದರು. ಕೂಲಿಯವರಿಗೆ ಒಳ್ಳೆ ನೀರು ಕೊಡಬೇಕೆಂದು ಕಾನೂನೇ ಇದೆ ಎಂದು ಬಂಗಲೆಯಲ್ಲಿ ಹೇಳಿ ಹೋದರಂತೆ. ಅವರ ಮಾತಿಗೋ, ಉದುರಿದ ಹಣ್ಣಿಗೋ, ಉತ್ತಯ್ಯ ಇಳಿದುಬಂದರು. ಕಾಲುವೆ ಮುಚ್ಚಿಸಿದರು. ಹಂದಿಗಳನ್ನು ಮಾರಿದರು. ಒರತೆಯಿಂದ ಕೆಳಗಿನ ಲೈನಿಗೂ ಪೈಪು ಎಳೆಸುವುದಾಗಿ ಹೇಳಿದರು. ಎಳೆಸುವವರೆಗೆ ಮೇಲಿನ ನಲ್ಲಿಯಿಂದ ಹಿಡಿದುಕೊಳ್ಳಿ ಅಂದರು. ಚಲುವಮ್ಮನ ಬಗ್ಗೆ ಮಾತೆತ್ತಲಿಲ್ಲ.

ಮಹಾದೇವಮ್ಮನ ಮೊಮ್ಮಗ ಉಳಿದ. ಪಾಪ ಅಕ್ಕನ ಜೊತೆ ಮಾತಾಡಲಿಲ್ಲ. ಒಂದೇ ಸಾಲಿನಲ್ಲಿ ಹಣ್ಣು ಕೀಳುವಾಗಲೂ ಮಾತಿಲ್ಲ. ಚಲುವಮ್ಮ ಈಗ ಎಲ್ಲರ ಜೊತೆ ಪಿಕಿಂಗಿಗೆ ಹೋಗುತ್ತಿದ್ದಳು. ಹಾಗೆ ಹೋಗುವುದು ಅವಳಿಗೆ ಕದ್ದು ತಿಂದಂತೆ ಅನಿಸುತ್ತಿತ್ತು.

ಅಂದು ಡಾಕ್ಟರು ಜೀಪು ಹತ್ತುವ ಮುನ್ನ ಅವಳು ಕೇಳಿದ್ದಳು, ಬಾವಿ ಯಾವಾಗ ಸರಿಹೋಗುತ್ತದೆ ಎಂದು.

"ನನಗೆ ಗೊತ್ತಿಲ್ಲಮ್ಮ" ಅಂದಿದ್ದರು ಅವರು. "ಬಂಡೆಯೊಳಗೆ ಎಷ್ಟು ನಿಂತಿದೆ ಅಂತ ನೋಡಕ್ಕಾಗಲ್ಲ. ಒಂದೊಂದು ಮಳೆಗೂ ಸ್ವಲ್ಪ ಸ್ವಲ್ಪ ಬರುತ್ತೆ. ವರ್ಷಗಳೇ ಆಗಬಹುದು."

ಅವರು ಹೇಳಿದಂತೆಯೇ ಆಯಿತು. ಮುಂದಿನ ಮಳೆಗೆ ಬಾವಿ ಮತ್ತೆ ನಾತ ಹೊಡೆಯಿತು. ಅದರ ಮುಂದಿನ ಮಳೆಗೆ ವಾಸನೆ ಇರಲಿಲ್ಲ. ನೀರು ತಿಳಿಯಾಗಿತ್ತು. ಚಲುವಮ್ಮ ನಂಬಲಿಲ್ಲ. ಬಾವಿಯ ಬಾಯಿಗೆ ತಾನೇ ಮುಳ್ಳು ಕಡಿದು ತಂದು ಮುಚ್ಚುತ್ತಿದ್ದಳು.

ಆ ವರ್ಷ ಪಿಕಿಂಗಿಗೆ ಹುಣಸೂರಿನ ಕಡೆಯಿಂದ ಹೊಸಬರು ಬಂದರು. ಲಾರಿಯಿಂದ ಇಳಿದವರು ಬಾಯಾರಿದ್ದರು. ಕಂಕುಳಲ್ಲಿ ಮಗುವಿದ್ದ ಒಬ್ಬ ಹೆಂಗಸು ಬಾವಿ ನೋಡಿ, ಮುಳ್ಳು ಸರಿಸಿ, ಕೊಡ ಇಳಿಬಿಟ್ಟಿದ್ದಳು. ನೀರು ಮೇಲೆ ಬಂದಿತ್ತು. ಬೊಗಸೆ ಮಗುವಿನ ಬಾಯಿಯ ಹತ್ತಿರ ಹೋಗಿತ್ತು.

ಚಲುವಮ್ಮ ಓಡಿಬಂದು ಅವಳ ಕೈಗೆ ಹೊಡೆದಳು. ಕೊಡವನ್ನು ಒದ್ದಳು. ಮಗು ಕಿಟಾರನೆ ಚೀರಿತು.

"ನಿನ್ನ ಕೈ ಸೇದೋಗ! ತಲೆ ಕೆಟ್ಟದಾ ನಿಂಗೆ?" ಎಂದು ಆ ಹೆಂಗಸು ಕೂಗಾಡಿದಳು. "ತಿಳಿ ನೀರು ಕಣೇ ಅದು!"

"ತಿಳಿಯಾಗೇ ಅದೆ. ಆದ್ರೂ ಕುಡೀಬ್ಯಾಡ ಕಣವ್ವಾ. ಕೂಸಿಗಂತೂ ಕುಡಿಸ್ಬ್ಯಾಡ. ಈ ನೀರಿಗೆ ಒಂದು ಕೂಸು ಸತ್ತದೆ."

ಹೆಂಗಸು ಮಗುವನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

"ಯಾರು ಕೆಡ್ಸಿದೋರು ಇದ್ನ?"

ಗದ್ದಲಕ್ಕೆ ಲೈನಿನವರು ಹೊರಬಂದಿದ್ದರು. ಪಾಪನೂ ಬಂದು ನಿಂತಿದ್ದಳು. ಅವಳೇ ಉತ್ತರ ಕೊಟ್ಟಳು.

"ಈ ಎಸ್ಟೇಟಿನ ಧಣಿ."

"ನಾನೂವೆ" ಅಂದಳು ಚಲುವಮ್ಮ.

ಪಾಪ ಅಲ್ಲ ಅನ್ನಲಿಲ್ಲ. ಹೊಸಬಳ ಕೈಯಿಂದ ಅಳುವ ಮಗುವನ್ನು ಎತ್ತಿಕೊಂಡು, ನಲ್ಲಿ ಇರುವ ಕಡೆಗೆ ಮುಂದೆ ನಡೆದಳು.